ಎಚ್‌ಎಎಲ್‌ಗೂ ವಿಶಾಖಪಟ್ಟಣದ ಹಡಗುಕಟ್ಟೆಗೂ ಏನು ನಂಟು? ಹಿಂದೂಸ್ತಾನ್ ಶಿಪ್‌ಯಾರ್ಡ್ ಬೆಳೆದು ಬಂದ ದಾರಿ

ಬೆಂಗಳೂರಿನಿಂದ ಕಡಲು ನೋಡಬೇಕು ಅಂದರೆ ರಸ್ತೆಯಲ್ಲಿ ಮುನ್ನೂರು ಕಿಲೋಮೀಟರ್‌ನಷ್ಟು ಹೋಗಬೇಕು. ಆದರೂ ಈಚೆಗೆ ನಮ್ಮ ಊರಿನಲ್ಲಿ ಹಡಗಿನ ಮಾತು ಜಾಸ್ತಿಯಾಗಿದೆ. 2025ರ ಸೆಪ್ಟೆಂಬರ್ 24ರಂದು ಕೇಂದ್ರ ಸಚಿವ ಸಂಪುಟ ಹಡಗು ಕಟ್ಟುವ ಉದ್ಯಮಕ್ಕಾಗಿ 69,725 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಅಲ್ಲಿಂದಾಚೆಗೆ ಆಫೀಸಿನ ಕ್ಯಾಂಟೀನಿನಲ್ಲೂ ಶಿಪ್‌ಯಾರ್ಡ್ ಷೇರುಗಳ ಚರ್ಚೆ ಕೇಳುತ್ತಿದ್ದೇನೆ.

ಅಂಥ ಒಂದು ಚರ್ಚೆಯಲ್ಲಿ ಗೆಳೆಯರೊಬ್ಬರು ಕೇಳಿದರು: "ಹಿಂದೂಸ್ತಾನ್ ಶಿಪ್‌ಯಾರ್ಡ್ ಅಂತ ಒಂದು ಕಂಪನಿ ಇದೆಯಲ್ಲ, ಅದು ನಮ್ಮ ಎಚ್‌ಎಎಲ್‌ನವರದ್ದೇನಾ? ಹೆಸರಿನಲ್ಲಿ ಎರಡಕ್ಕೂ ಹಿಂದೂಸ್ತಾನ್ ಇದೆ."

ಅಲ್ಲ. ಎರಡೂ ಬೇರೆ ಬೇರೆ ಸರ್ಕಾರಿ ಕಂಪನಿಗಳು. ಎಚ್‌ಎಎಲ್ ಬೆಂಗಳೂರಿನದು, ವಿಮಾನ ಮಾಡುತ್ತದೆ. ಹಿಂದೂಸ್ತಾನ್ ಶಿಪ್‌ಯಾರ್ಡ್ ವಿಶಾಖಪಟ್ಟಣದ್ದು, ಹಡಗು ಕಟ್ಟುತ್ತದೆ. ಆದರೆ ಎರಡನ್ನೂ ಶುರು ಮಾಡಿದ್ದು ಒಬ್ಬರೇ, ಅದೂ ಆರೇ ತಿಂಗಳ ಅಂತರದಲ್ಲಿ. ಹಾಗಾಗಿ ಈ ಹಡಗುಕಟ್ಟೆಯ ಕಥೆ ಬೆಂಗಳೂರಿನವರಿಗೆ ಅಷ್ಟೇನೂ ದೂರದ್ದಲ್ಲ.

ಬಂದರು ಬೇರೆ, ಹಡಗುಕಟ್ಟೆ ಬೇರೆ

ಮೊದಲು ಒಂದು ಗೊಂದಲ ಬಿಡಿಸೋಣ. ಬಂದರು ಅಂದರೆ ಹಡಗುಗಳು ಬಂದು ನಿಂತು ಸರಕು ಇಳಿಸಿ, ತುಂಬಿಸಿಕೊಂಡು ಹೋಗುವ ಜಾಗ. ಹಡಗುಕಟ್ಟೆ, ಅಂದರೆ ಶಿಪ್‌ಯಾರ್ಡ್, ಹಡಗನ್ನೇ ತಯಾರು ಮಾಡುವ ಮತ್ತು ರಿಪೇರಿ ಮಾಡುವ ಜಾಗ. ನಮ್ಮ ಮೆಜೆಸ್ಟಿಕ್ ಬಸ್ ನಿಲ್ದಾಣಕ್ಕೂ ಕೆಂಗೇರಿಯ ಕೆಎಸ್‌ಆರ್‌ಟಿಸಿ ವರ್ಕ್‌ಶಾಪಿಗೂ ಇರುವ ವ್ಯತ್ಯಾಸವೇ ಇದು. ಮಂಗಳೂರಿನ ಪಣಂಬೂರಿನಲ್ಲಿರುವುದು ಬಂದರು. ವಿಶಾಖಪಟ್ಟಣದಲ್ಲಿ ಬಂದರೂ ಇದೆ, ಅದೇ ನೀರಿನ ಪಕ್ಕದಲ್ಲಿ ಹಡಗುಕಟ್ಟೆಯೂ ಇದೆ.

ಹಡಗು ಓಡಿಸುವ ಹಕ್ಕಿಗಾಗಿ ನಡೆದ ಜಗಳ

ಸ್ವಂತ ಹಡಗು ಕಟ್ಟಬೇಕು ಅನ್ನುವ ಯೋಚನೆ ಬಂದದ್ದು, ಸ್ವಂತ ಹಡಗು ಓಡಿಸಲೂ ಬಿಡದಿದ್ದ ಕಾಲದಲ್ಲಿ. ಬ್ರಿಟಿಷರ ಆಳ್ವಿಕೆಯಲ್ಲಿ ನಮ್ಮ ಕರಾವಳಿಯ ಸಾಗಣೆ ಹೆಚ್ಚುಕಡಿಮೆ ಪೂರ್ತಿ ಬ್ರಿಟಿಷ್ ಕಂಪನಿಗಳ ಕೈಯಲ್ಲಿತ್ತು. 1906ರಲ್ಲಿ ತೂತ್ತುಕುಡಿಯ ವಕೀಲ ವಿ.ಒ. ಚಿದಂಬರಂ ಪಿಳ್ಳೈ ಅವರು ಸ್ವದೇಶಿ ಹಡಗು ಕಂಪನಿ ಕಟ್ಟಿ ಕೊಲಂಬೊಗೆ ಹಡಗು ಬಿಟ್ಟರು. ಎದುರಾಳಿ ಬ್ರಿಟಿಷ್ ಕಂಪನಿ ಟಿಕೆಟ್ ದರವನ್ನು ನೆಲಕ್ಕಿಳಿಸಿತು. 1908ರಲ್ಲಿ ಪಿಳ್ಳೈ ಅವರು ಜೈಲು ಸೇರಿದರು. ಕಂಪನಿ ಮುಳುಗಿತು.

ಮುಂದಿನ ದೊಡ್ಡ ಪ್ರಯತ್ನ ವಾಲ್‌ಚಂದ್ ಹೀರಾಚಂದ್ ಅವರದು. ಸೊಲ್ಲಾಪುರದಲ್ಲಿ 1882ರಲ್ಲಿ ಹುಟ್ಟಿದ ಇವರು ರೈಲ್ವೆ ಕಂಟ್ರಾಕ್ಟರ್ ಆಗಿ ಬೆಳೆದವರು. 1919ರಲ್ಲಿ ನರೋತ್ತಮ್ ಮೊರಾರ್ಜಿ ಮತ್ತಿತರರ ಜೊತೆ ಸೇರಿ ಸಿಂಧಿಯಾ ಸ್ಟೀಮ್ ನ್ಯಾವಿಗೇಶನ್ ಕಂಪನಿ ಶುರು ಮಾಡಿದರು. ಗ್ವಾಲಿಯರ್‌ನ ಸಿಂಧಿಯಾ ಮಹಾರಾಜರ ಹತ್ತಿರ 'ಲಾಯಲ್ಟಿ' ಅನ್ನುವ ಹಡಗಿತ್ತು. ಮೊದಲ ಮಹಾಯುದ್ಧದಲ್ಲಿ ಅದು ಆಸ್ಪತ್ರೆ ಹಡಗಾಗಿ ಕೆಲಸ ಮಾಡಿತ್ತು. ಅದನ್ನೇ ಕೊಂಡುಕೊಂಡರು. 1919ರ ಏಪ್ರಿಲ್ 5ರಂದು ಅದು ಬಾಂಬೆಯಿಂದ ಲಂಡನ್‌ಗೆ ಹೊರಟಿತು. ಈಗ ಪ್ರತಿ ವರ್ಷ ಏಪ್ರಿಲ್ 5ನ್ನು ರಾಷ್ಟ್ರೀಯ ಕಡಲಯಾನ ದಿನ ಅಂತ ಆಚರಿಸುವುದು ಇದರ ನೆನಪಿಗೇ.

ಸಿಂಧಿಯಾ ಕಂಪನಿಯ ಮೇಲೂ ದರದ ಒತ್ತಡ ಬಂತು. ಅದರಲ್ಲಿ ಒಂದು ವಿಧಾನ ಸ್ವಲ್ಪ ಗಮನಿಸುವಂಥದ್ದು. ನಿಮ್ಮ ಅಂಗಡಿಗೆ ವರ್ಷವಿಡೀ ಒಂದೇ ಲಾರಿ ಕಂಪನಿಯವರು ಸಾಮಾನು ತರುತ್ತಾರೆ ಅಂದುಕೊಳ್ಳಿ. ನೀವು ಕೊಟ್ಟ ಬಾಡಿಗೆಯಲ್ಲಿ ಒಂದು ಪಾಲನ್ನು ಅವರು ವಾಪಸ್ ಕೊಡುವುದಾಗಿ ಹೇಳಿ, ತಮ್ಮ ಹತ್ತಿರವೇ ಇಟ್ಟುಕೊಳ್ಳುತ್ತಾರೆ. ಮಧ್ಯೆ ಒಂದೇ ಒಂದು ಸಲ ಬೇರೆಯವರ ಲಾರಿ ಕರೆದಿರೋ, ಆ ದುಡ್ಡು ಹೋಯಿತು. ಬ್ರಿಟಿಷ್ ಹಡಗು ಕಂಪನಿಗಳು ವ್ಯಾಪಾರಿಗಳನ್ನು ಹೀಗೇ ಕಟ್ಟಿಹಾಕಿದ್ದವು. ಹೊಸ ಕಂಪನಿ ಎಷ್ಟೇ ಕಡಿಮೆ ದರ ಹೇಳಿದರೂ ವ್ಯಾಪಾರಿ ಹೆದರುತ್ತಿದ್ದ.

ಸಿಂಧಿಯಾ ಕಂಪನಿ 1923ರಲ್ಲಿ ಬ್ರಿಟಿಷ್ ಕಂಪನಿಗಳೊಂದಿಗೆ ಒಪ್ಪಂದ ಮಾಡಿಕೊಂಡು ಹೇಗೋ ಉಳಿಯಿತು. ಆದರೆ ಹಡಗು ಬೇಕಾದರೆ ಹೊರದೇಶದಿಂದಲೇ ತರಬೇಕು. ಎರಡನೇ ಮಹಾಯುದ್ಧ ಶುರುವಾದ ಮೇಲೆ ಅದೂ ಕಷ್ಟವಾಯಿತು.

ಆರು ತಿಂಗಳಲ್ಲಿ ಎರಡು ಕಾರ್ಖಾನೆ

ವಾಲ್‌ಚಂದ್ ಅವರ ಮನಸ್ಸಿನಲ್ಲಿ ಆಗ ಮೂರು ಕಾರ್ಖಾನೆಗಳಿದ್ದವು: ಕಾರು, ವಿಮಾನ, ಹಡಗು. ಕಾರಿನ ಕಾರ್ಖಾನೆಗೆ ಸರ್ ಎಂ. ವಿಶ್ವೇಶ್ವರಯ್ಯ ಅವರ ಯೋಜನೆಯೇ ತಯಾರಿತ್ತು. ಅದು ಮೈಸೂರು ಸಂಸ್ಥಾನದಲ್ಲಿ ಬರಬೇಕಿತ್ತು. ಬ್ರಿಟಿಷ್ ಸರ್ಕಾರದ ಬೆಂಬಲ ಸಿಗದೆ ನಿಂತುಹೋಯಿತು. ಕೊನೆಗೆ 1944ರಲ್ಲಿ ಅದು ಬಾಂಬೆಯಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಆಗಿ ಹುಟ್ಟಿತು. ಆ ಕಾರ್ಖಾನೆ ನಮ್ಮ ಕೈ ತಪ್ಪಿದ್ದು ಈಗಲೂ ಬೇಸರದ ವಿಷಯವೇ.

ವಿಮಾನ ಮಾತ್ರ ಬೆಂಗಳೂರಿಗೆ ಬಂತು. ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಮೈಸೂರು ಸರ್ಕಾರ ಜಾಗವನ್ನೂ ಕೊಟ್ಟಿತು, ಬಂಡವಾಳವನ್ನೂ ಹಾಕಿತು. 1940ರ ಡಿಸೆಂಬರ್ 23ರಂದು ಹಿಂದೂಸ್ತಾನ್ ಏರ್‌ಕ್ರಾಫ್ಟ್ ನೋಂದಣಿಯಾಯಿತು. ಇದೇ ಮುಂದೆ ಎಚ್‌ಎಎಲ್ ಆಯಿತು.

ಆರು ತಿಂಗಳು ಕಳೆದು, 1941ರ ಜೂನ್ 21ರಂದು, ವಿಶಾಖಪಟ್ಟಣದಲ್ಲಿ ಸಿಂಧಿಯಾ ಹಡಗುಕಟ್ಟೆಗೆ ಬಾಬು ರಾಜೇಂದ್ರ ಪ್ರಸಾದ್ ಅವರು ಶಂಕುಸ್ಥಾಪನೆ ಮಾಡಿದರು. ಆಗ ಅವರು ಕಾಂಗ್ರೆಸ್ಸಿನ ನಾಯಕರು. ರಾಷ್ಟ್ರಪತಿ ಆಗಲು ಇನ್ನೂ ಒಂಬತ್ತು ವರ್ಷವಿತ್ತು.

ವಿಶಾಖಪಟ್ಟಣವೇ ಯಾಕೆ? ಆ ಊರಿನ ಬಂದರು ಬೆಟ್ಟದ ಮರೆಯಲ್ಲಿದೆ. ಡಾಲ್ಫಿನ್ಸ್ ನೋಸ್ ಅನ್ನುವ ಗುಡ್ಡ ಕಡಲಿನ ಕಡೆಗೆ ಮೂಗಿನ ಹಾಗೆ ಚಾಚಿಕೊಂಡು ಅಲೆಗಳನ್ನು ತಡೆಯುತ್ತದೆ. ಒಳಗಿನ ನೀರು ಕೆರೆಯ ಹಾಗೆ ಶಾಂತ. ಬಂದರು 1933ರಿಂದಲೇ ಕೆಲಸ ಮಾಡುತ್ತಿತ್ತು, ರೈಲು ಮಾರ್ಗವೂ ಇತ್ತು.

ಆದರೆ ಯುದ್ಧ ಅಲ್ಲಿಗೂ ಬಂತು. 1942ರ ಏಪ್ರಿಲ್ 6ರಂದು ಜಪಾನಿನ ವಿಮಾನಗಳು ವಿಶಾಖಪಟ್ಟಣದ ಮೇಲೆ ಬಾಂಬು ಹಾಕಿದವು. ಹಡಗುಕಟ್ಟೆಯ ಕೆಲಸ ನಿಂತಿತು. ಅದೇ ಯುದ್ಧ ಬೆಂಗಳೂರಿನ ವಿಮಾನ ಕಾರ್ಖಾನೆಗೆ ಕೈತುಂಬ ಕೆಲಸ ಕೊಟ್ಟಿತು. 1942ರಲ್ಲಿ ಭಾರತ ಸರ್ಕಾರ ವಾಲ್‌ಚಂದ್ ಅವರ ಪಾಲನ್ನು ಕೊಂಡುಕೊಂಡಿತು. ಅಮೆರಿಕದ ವಾಯುಪಡೆಯ ವಿಮಾನಗಳೂ ಇಲ್ಲಿಗೇ ರಿಪೇರಿಗೆ ಬಂದವು. ಒಂದೇ ಕೈ ನೆಟ್ಟ ಎರಡು ಸಸಿ. ಒಂದಕ್ಕೆ ಶುರುವಿನಿಂದಲೇ ನೀರು ಸಿಕ್ಕಿತು, ಇನ್ನೊಂದು ಶುರುವಿನಲ್ಲೇ ಒಣಗಿತು. ಮುಂದಿನ ಕಥೆ ಓದುವಾಗ ಇದು ನೆನಪಿರಲಿ.

ಜಲ ಉಷಾ, ಮತ್ತು ಹಡಗು ಕಟ್ಟುವುದು ಹೇಗೆ ಅನ್ನುವ ಮಾತು

ಯುದ್ಧ ಮುಗಿದ ಮೇಲೆ ಕೆಲಸ ಮತ್ತೆ ಶುರುವಾಯಿತು. 1948ರ ಮಾರ್ಚ್ 14ರಂದು ಪ್ರಧಾನಿ ಜವಾಹರಲಾಲ್ ನೆಹರೂ ಅವರು 'ಜಲ ಉಷಾ' ಹಡಗನ್ನು ನೀರಿಗಿಳಿಸಿದರು. ಸುಮಾರು 8,000 ಟನ್ ಸರಕು ಹೊರುವ ಉಕ್ಕಿನ ಹಡಗು. ಸ್ವಾತಂತ್ರ್ಯ ಬಂದು ಆಗಿನ್ನೂ ಏಳು ತಿಂಗಳು.

'ನೀರಿಗಿಳಿಸಿದರು' ಅಂದೆ. ಪತ್ರಿಕೆಗಳಲ್ಲಿ ಈ ಮಾತು ತುಂಬಾ ಬರುತ್ತದೆ, ಮತ್ತು ತುಂಬಾ ಜನ ಅದನ್ನು 'ಹಡಗು ತಯಾರಾಯಿತು' ಅಂತ ಓದಿಕೊಳ್ಳುತ್ತಾರೆ. ಹಾಗಲ್ಲ. ಮನೆ ಕಟ್ಟುವುದಕ್ಕೆ ಹೋಲಿಸಿದರೆ ಸುಲಭವಾಗಿ ಗೊತ್ತಾಗುತ್ತದೆ.

ಹಡಗಿನ ತಳದಲ್ಲಿ ಉದ್ದಕ್ಕೂ ಹೋಗುವ ಬೆನ್ನೆಲುಬಿಗೆ ಕೀಲ್ ಅಂತ ಹೆಸರು. 'ಕೀಲ್ ಹಾಕಿದರು' ಅಂದರೆ ಪಾಯ ಹಾಕಿದ ಹಾಗೆ. 'ನೀರಿಗಿಳಿಸಿದರು' ಅಂದರೆ ಮೋಲ್ಡ್ ಹಾಕಿ ಮುಗಿಸಿದ ಹಾಗೆ. ಹೊರಗಿನಿಂದ ನೋಡಿದರೆ ಮನೆಯಂತೆಯೇ ಕಾಣುತ್ತದೆ. ಒಳಗೆ ವೈರಿಂಗ್ ಇಲ್ಲ, ನಲ್ಲಿ ಇಲ್ಲ, ಬಾಗಿಲಿಲ್ಲ. ಹಡಗಿನಲ್ಲೂ ಹಾಗೇ. ತೇಲುವ ಉಕ್ಕಿನ ಒಡಲನ್ನು ದಡಕ್ಕೆ ಕಟ್ಟಿಹಾಕಿ ಕಿಲೋಮೀಟರ್‌ಗಟ್ಟಲೆ ಕೇಬಲ್, ಪೈಪು, ಪಂಪು, ಅಡುಗೆಮನೆ, ಮಲಗುವ ಕೋಣೆ ಎಲ್ಲ ಆಮೇಲೆ ಕೂಡಿಸುತ್ತಾರೆ. ಆಮೇಲೆ ಕಡಲಿಗೆ ಒಯ್ದು ಪರೀಕ್ಷೆ. ಅದೂ ಮುಗಿದು ಮಾಲೀಕರ ಕೈಗೆ ಕೊಟ್ಟ ದಿನವೇ ಗೃಹಪ್ರವೇಶ. ನೀರಿಗಿಳಿದ ಮೇಲೆ ಇದಕ್ಕೆಲ್ಲ ಎರಡು, ಮೂರು ವರ್ಷ ಹಿಡಿಯುವುದೂ ಉಂಟು, ಯುದ್ಧನೌಕೆಗೆ ಇನ್ನೂ ಜಾಸ್ತಿ.

ನೀರಿಗಿಳಿಸುವ ದಾರಿ ಮುಖ್ಯವಾಗಿ ಎರಡು. ಒಂದು, ನೀರಿನ ಕಡೆಗೆ ಇಳಿಜಾರಾಗಿರುವ ಕಟ್ಟೆಯ ಮೇಲೆ ಹಡಗು ಕಟ್ಟಿ, ಗ್ರೀಸು ಬಳಿದ ಹಳಿಯ ಮೇಲೆ ಜಾರಿಸುವುದು. ಜಲ ಉಷಾ ಇಳಿದದ್ದು ಹೀಗೆ. ಇನ್ನೊಂದು ಡ್ರೈ ಡಾಕ್. ನೀರಿನ ಪಕ್ಕ ದೊಡ್ಡ ಗುಂಡಿ ತೋಡಿ, ಬಾಗಿಲು ಹಾಕಿ, ನೀರು ಖಾಲಿ ಮಾಡಿ, ಒಣ ನೆಲದಲ್ಲಿ ಹಡಗು ಕಟ್ಟುತ್ತಾರೆ. ಕೊನೆಗೆ ನೀರು ಬಿಟ್ಟರೆ ಹಡಗು ತಾನಾಗೇ ತೇಲುತ್ತದೆ.

ಈಗ ಹಡಗನ್ನು ತಳದಿಂದ ಮೇಲಕ್ಕೆ ಒಂದೊಂದೇ ತಗಡು ಸೇರಿಸಿ ಕಟ್ಟುವುದಿಲ್ಲ. ನಮ್ಮ ಮೆಟ್ರೊ ಕೆಲಸ ನೋಡಿದ್ದೀರಲ್ಲ? ಸೇತುವೆಯ ತುಂಡುಗಳನ್ನು ಊರಾಚೆಯ ಯಾರ್ಡಿನಲ್ಲಿ ಎರಕ ಹೊಯ್ದು, ರಾತ್ರಿ ಟ್ರೇಲರ್‌ನಲ್ಲಿ ತಂದು, ಕಂಬಗಳ ನಡುವೆ ಎತ್ತಿ ಜೋಡಿಸುತ್ತಾರೆ. ಹಡಗಿನಲ್ಲೂ ನೂರಾರು ಟನ್ ತೂಕದ ತುಂಡುಗಳನ್ನು ಶೆಡ್ಡಿನಲ್ಲಿ ತಯಾರಿಸಿ, ಪೈಪುಗಳನ್ನೂ ಅಲ್ಲೇ ಕೂಡಿಸಿ, ಆಮೇಲೆ ದೈತ್ಯ ಕ್ರೇನಿನಿಂದ ಎತ್ತಿ ಬೆಸುಗೆ ಹಾಕುತ್ತಾರೆ. ಇದಕ್ಕೆ ಬ್ಲಾಕ್ ವಿಧಾನ ಅಂತ ಹೆಸರು. ಯಾರ ಕ್ರೇನು ದೊಡ್ಡದೋ, ಅವರ ತುಂಡು ದೊಡ್ಡದು, ಅವರ ಕೆಲಸ ಬೇಗ.

ಸರ್ಕಾರದ ಕೈಗೆ ಬಂದಿದ್ದು ಯಾಕೆ

ಮೊದಲ ಹಡಗಿನ ಸಂಭ್ರಮ ಜಾಸ್ತಿ ದಿನ ಉಳಿಯಲಿಲ್ಲ. ವಿಶಾಖಪಟ್ಟಣದಲ್ಲಿ ಕಟ್ಟಿದ ಹಡಗು ಬ್ರಿಟನ್ನಿನ ಹಡಗಿಗಿಂತ ದುಬಾರಿ ಬೀಳುತ್ತಿತ್ತು. ಹಾಗಾಗಿ ಕೊಳ್ಳುವವರಿಲ್ಲ. ಕೆಲಸವಿಲ್ಲದಿದ್ದರೂ ಸಾವಿರಾರು ಕಾರ್ಮಿಕರಿಗೆ ಸಂಬಳ ಕೊಡಬೇಕು. ಸಿಂಧಿಯಾ ಕಂಪನಿಗೆ ಭಾರ ಹೊರಲಾಗಲಿಲ್ಲ.

1952ರ ಜನವರಿಯಲ್ಲಿ ಹಿಂದೂಸ್ತಾನ್ ಶಿಪ್‌ಯಾರ್ಡ್ ಲಿಮಿಟೆಡ್ ಅನ್ನುವ ಹೊಸ ಕಂಪನಿ ಹುಟ್ಟಿತು. ಮೂರರಲ್ಲಿ ಎರಡು ಪಾಲು ಸರ್ಕಾರದ್ದು, ಒಂದು ಪಾಲು ಸಿಂಧಿಯಾದ್ದು. ಫ್ರಾನ್ಸಿನ ಹಡಗು ಕಂಪನಿಯೊಂದರಿಂದ ತಾಂತ್ರಿಕ ಸಹಾಯ ತೆಗೆದುಕೊಂಡರು. ಮರು ವರ್ಷವೇ ವಾಲ್‌ಚಂದ್ ತೀರಿಕೊಂಡರು. 1961ರಲ್ಲಿ ಉಳಿದ ಪಾಲನ್ನೂ ಸರ್ಕಾರ ಕೊಂಡುಕೊಂಡಿತು. ಬಾಂಬೆಯ ಮಝಗಾಂವ್ ಡಾಕ್ ಮತ್ತು ಕಲ್ಕತ್ತಾದ ಗಾರ್ಡನ್ ರೀಚ್ ಹಡಗುಕಟ್ಟೆಗಳು ಸರ್ಕಾರದ ವಶಕ್ಕೆ ಬಂದದ್ದೂ ಆಸುಪಾಸಿನಲ್ಲೇ, 1960ರಲ್ಲಿ. ಕೊಚ್ಚಿಯದು 1972ರದ್ದು.

ದುಬಾರಿ ಬೀಳುವ ಸಮಸ್ಯೆಗೆ ಸರ್ಕಾರ ಒಂದು ದಾರಿ ಕಂಡುಕೊಂಡಿತು. ಹಡಗು ಕೊಳ್ಳುವವರು ಬ್ರಿಟನ್ನಿನಲ್ಲಿ ಅದೇ ಹಡಗಿಗೆ ಎಷ್ಟು ಬೆಲೆಯೋ ಅಷ್ಟೇ ಕೊಟ್ಟರೆ ಸಾಕು. ಇಲ್ಲಿನ ಖರ್ಚು ಅದಕ್ಕಿಂತ ಎಷ್ಟು ಜಾಸ್ತಿಯೋ ಅಷ್ಟನ್ನು ಸರ್ಕಾರ ತುಂಬಿಕೊಡುತ್ತದೆ. ನಮ್ಮ ಹಾಲಿನ ಪ್ರೋತ್ಸಾಹಧನದ ಹಾಗೆ: ಡೇರಿ ತನ್ನ ದರ ಕೊಡುತ್ತದೆ, ಅದರ ಮೇಲೆ ರೈತನಿಗೆ ಸರ್ಕಾರ ಲೀಟರಿಗೆ ಇಷ್ಟು ಅಂತ ಸೇರಿಸುತ್ತದೆ. ಸಬ್ಸಿಡಿಯ ಲೆಕ್ಕ ಆಮೇಲೆ ಹಲವು ಸಲ ಬದಲಾಯಿತು. ಮೂಲ ಯೋಚನೆ ಮಾತ್ರ ಇವತ್ತಿನ 69,725 ಕೋಟಿಯ ಯೋಜನೆಯಲ್ಲೂ ಇದೆ. ಅದರಲ್ಲಿ 24,736 ಕೋಟಿ ಇಂಥ ನೇರ ಸಹಾಯಕ್ಕೇ ಮೀಸಲು.

ದುಬಾರಿ ಯಾಕೆ? ವೈಜಾಗ್ ಕಂಬಿಯ ಉದಾಹರಣೆ

ಬೆಂಗಳೂರಿನಲ್ಲಿ ಮನೆ ಕಟ್ಟಿಸಿದವರಿಗೆ ವೈಜಾಗ್ ಸ್ಟೀಲ್ ಗೊತ್ತು. ಅಷ್ಟು ದೊಡ್ಡ ಉಕ್ಕಿನ ಕಾರ್ಖಾನೆ ಹಡಗುಕಟ್ಟೆ ಇರುವ ಊರಿನಲ್ಲೇ ಇದೆ. ಹಾಗಿದ್ದರೆ ಹಡಗಿಗೆ ಉಕ್ಕು ಅಲ್ಲಿಂದಲೇ ಬರುತ್ತದೆ ಅಂದುಕೊಳ್ಳುತ್ತೇವೆ, ಅಲ್ವಾ? ಬರುವುದಿಲ್ಲ. ಆ ಕಾರ್ಖಾನೆ ಮಾಡುವುದು ಕಂಬಿ, ತಂತಿ, ಆಂಗಲ್ ಥರದ ಉದ್ದನೆಯ ಸಾಮಾನು. ಹಡಗಿಗೆ ಬೇಕಾದದ್ದು ದಪ್ಪನೆಯ, ಅಗಲವಾದ ಉಕ್ಕಿನ ಹಲಗೆ. ಅದು ಭಿಲಾಯ್, ರೂರ್ಕೆಲಾದಂಥ ಕಡೆಯಿಂದ, ಇಲ್ಲವೇ ಹೊರದೇಶದಿಂದ ಬರಬೇಕು.

ಈ ಒಂದು ಉದಾಹರಣೆಯಲ್ಲೇ ಸಮಸ್ಯೆ ಅರ್ಥವಾಗುತ್ತದೆ. ಹಡಗುಕಟ್ಟೆ ಮುಖ್ಯವಾಗಿ ಜೋಡಿಸುವ ಜಾಗ. ಎಂಜಿನ್, ಪಂಪು, ವಾಲ್ವು, ಬಣ್ಣ, ಕೇಬಲ್ ಎಲ್ಲ ಬೇರೆಯವರಿಂದ ಬರಬೇಕು. ಒಂದು ಸಾಮಾನು ತಡವಾದರೆ ಇಡೀ ಹಡಗು ಕಾಯುತ್ತದೆ. ಕಾಯುವಾಗ ಬ್ಯಾಂಕಿನ ಬಡ್ಡಿ ಓಡುತ್ತದೆ. ತಡವಾದದ್ದಕ್ಕೆ ಕೊಳ್ಳುವವರಿಗೆ ದಂಡ ಕಟ್ಟಬೇಕು. ಮುಂದಿನ ಹಡಗಿಗೆ ಜಾಗ ಖಾಲಿಯಾಗುವುದಿಲ್ಲ.

ದಕ್ಷಿಣ ಕೊರಿಯಾ ಈ ಕ್ಷೇತ್ರಕ್ಕೆ ದೊಡ್ಡದಾಗಿ ಇಳಿದದ್ದು ನಮಗಿಂತ ತುಂಬಾ ತಡವಾಗಿ. ಉಲ್ಸಾನ್‌ನಲ್ಲಿ ಹ್ಯುಂಡೈ ಹಡಗುಕಟ್ಟೆಯ ಕೆಲಸ ಶುರುವಾದದ್ದು 1972ರಲ್ಲಿ. ಜಲ ಉಷಾ ಇಳಿದು ಆಗ 24 ವರ್ಷವಾಗಿತ್ತು. ಆದರೆ ಅವರು ಹಡಗಿನ ಜೊತೆಗೇ ಉಕ್ಕಿನ ಕಾರ್ಖಾನೆ ಕಟ್ಟಿದರು, ಹಡಗಿನ ಎಂಜಿನ್ ಕಾರ್ಖಾನೆ ಕಟ್ಟಿದರು, ಮೊದಲಿನಿಂದಲೂ ಹೊರದೇಶಕ್ಕೆ ಮಾರಿದರು. ಒಂದೇ ನಮೂನೆಯ ಹಡಗನ್ನು ಮತ್ತೆ ಮತ್ತೆ ಕಟ್ಟಿದರು. ಮೊದಲ ಹಡಗಿನಲ್ಲಿ ಆದ ತಪ್ಪು ಐದನೆಯದರಲ್ಲಿ ಆಗುವುದಿಲ್ಲ, ಖರ್ಚೂ ಇಳಿಯುತ್ತದೆ. ಇವತ್ತು ಚೀನಾ, ಕೊರಿಯಾ, ಜಪಾನ್ ಸೇರಿ ಜಗತ್ತಿನ ಶೇ 90ಕ್ಕೂ ಹೆಚ್ಚು ಹಡಗು ಕಟ್ಟುತ್ತವೆ. ನಮ್ಮ ಪಾಲು ಶೇ 1ಕ್ಕಿಂತ ಕಡಿಮೆ.

ವಿಶಾಖಪಟ್ಟಣದವರಿಗೆ ಕೆಲಸ ಗೊತ್ತಿರಲಿಲ್ಲ ಅಂತಲ್ಲ. ಸರಕು ಹಡಗು, ಪ್ರಯಾಣಿಕರ ಹಡಗು, ಕರಾವಳಿ ಕಾವಲು ನೌಕೆ, ಒಎನ್‌ಜಿಸಿಗೆ ಕಡಲಿನಲ್ಲಿ ತೈಲಬಾವಿ ಕೊರೆಯುವ ಹಡಗು, ಎಲ್ಲವನ್ನೂ ಕಟ್ಟಿದ್ದಾರೆ. ಒಟ್ಟು 200ಕ್ಕೂ ಹೆಚ್ಚು ಹಡಗು. ನನ್ನ ಅನಿಸಿಕೆಯಲ್ಲಿ ಅವರಿಗೆ ಸಿಗದೇ ಹೋದದ್ದು ಸತತವಾದ ಆರ್ಡರ್. ಎಚ್‌ಎಎಲ್‌ಗೆ ವಾಯುಪಡೆ ಅನ್ನುವ ಕಾಯಂ ಗಿರಾಕಿ ಇತ್ತು. ಇವರಿಗೆ ದಶಕಗಟ್ಟಲೆ ಅಂಥವರು ಇರಲಿಲ್ಲ.

ನೌಕಾಪಡೆ ಗಿರಾಕಿಯಾದ ಮೇಲೆ

2010ರ ಫೆಬ್ರುವರಿಯಲ್ಲಿ ಕಂಪನಿಯನ್ನು ಹಡಗು ಸಾರಿಗೆ ಸಚಿವಾಲಯದಿಂದ ರಕ್ಷಣಾ ಸಚಿವಾಲಯಕ್ಕೆ ಕೊಟ್ಟರು. ಆಗ ಅದು ಸಾಲ, ನಷ್ಟದಲ್ಲಿತ್ತು. ರಿಪೇರಿಗೆ ಬಂದಿದ್ದ ಸಿಂಧುಕೀರ್ತಿ ಜಲಾಂತರ್ಗಾಮಿ 2006ರಿಂದ 2015ರವರೆಗೆ ಅಲ್ಲೇ ಉಳಿಯಿತು. ಆ ಒಂಬತ್ತು ವರ್ಷ ನೌಕಾಪಡೆಗೂ ಕಷ್ಟದ್ದು, ಕಂಪನಿಯ ಹೆಸರಿಗೂ ಪೆಟ್ಟು. 2020ರ ಆಗಸ್ಟ್ 1ರಂದು ಹೊಸ ಕ್ರೇನಿನ ಪರೀಕ್ಷೆ ನಡೆಯುತ್ತಿದ್ದಾಗ ಅದು ಕುಸಿದು 11 ಜನ ಸತ್ತರು. ಈ ಕಥೆ ಹೇಳುವಾಗ ಆ ಜೀವಗಳನ್ನು ಬಿಟ್ಟು ಮುಂದೆ ಹೋಗಲಾಗದು.

ಒಳ್ಳೆಯ ಸುದ್ದಿಯೂ ಬಂತು. ದೂರದ ಕ್ಷಿಪಣಿಗಳ ಜಾಡು ಹಿಡಿಯುವ ಐಎನ್ಎಸ್ ಧ್ರುವ್ ಇಲ್ಲೇ ಕಟ್ಟಿದ್ದು. ಅದು 2021ರ ಸೆಪ್ಟೆಂಬರ್‌ನಲ್ಲಿ ನೌಕಾಪಡೆ ಸೇರಿತು. 2025ರ ಜುಲೈ 18ರಂದು ಐಎನ್ಎಸ್ ನಿಸ್ತಾರ್ ಸೇರಿತು. ಇದು ಆಳದ ಕಡಲಿಗೆ ಮುಳುಗುಗಾರರನ್ನು ಇಳಿಸುವ ಹಡಗು. ಜಲಾಂತರ್ಗಾಮಿ ಕೆಟ್ಟು ತಳದಲ್ಲಿ ಸಿಕ್ಕಿಕೊಂಡರೆ ಒಳಗಿನವರನ್ನು ಉಳಿಸಲು ಹೋಗುವ ಸಣ್ಣ ವಾಹನವನ್ನೂ ಹೊತ್ತೊಯ್ಯುತ್ತದೆ.

ಎಲ್ಲಕ್ಕಿಂತ ದೊಡ್ಡದು 2023ರ ಆಗಸ್ಟ್‌ನ ಒಪ್ಪಂದ. ಸುಮಾರು 19,000 ಕೋಟಿ ರೂಪಾಯಿಗೆ ಐದು ಬೆಂಬಲ ಹಡಗುಗಳು. ಯುದ್ಧನೌಕೆಗಳು ಕಡಲಿನಲ್ಲಿರುವಾಗಲೇ ಅವುಗಳಿಗೆ ಎಣ್ಣೆ, ನೀರು, ಮದ್ದುಗುಂಡು, ದಿನಸಿ ಕೊಡುವುದು ಇವುಗಳ ಕೆಲಸ. ಒಂದೊಂದೂ 44,000 ಟನ್. ಒಂದೇ ನಮೂನೆಯ ಐದು ಹಡಗು ಅನ್ನುವುದನ್ನು ಗಮನಿಸಿ.

ಯಾವ ಟನ್?

ಹಡಗಿನ ಸುದ್ದಿಯಲ್ಲಿ 'ಟನ್' ಅಂದರೆ ಮೂರು ಅರ್ಥ. ಲಾರಿಯ ಬಾಗಿಲ ಪಕ್ಕ ಖಾಲಿ ತೂಕ, ತುಂಬಿದ ತೂಕ ಅಂತ ಬರೆದಿರುತ್ತಾರಲ್ಲ, ಅದನ್ನು ನೆನೆಸಿಕೊಳ್ಳಿ. ಯುದ್ಧನೌಕೆಗೆ ಹೇಳುವುದು ಸಾಮಾನ್ಯವಾಗಿ ಹಡಗಿನ ಒಟ್ಟು ತೂಕ. ಮೇಲಿನ 44,000 ಟನ್ ಅಂಥದ್ದು. ಸರಕು ಹಡಗಿಗೆ ಹೇಳುವುದು ಅದು ಎಷ್ಟು ಹೊರಬಲ್ಲದು ಅನ್ನುವುದನ್ನು. ಜಲ ಉಷಾದ 8,000 ಟನ್ ಹಾಗೆ. ಮೂರನೆಯದು ಗ್ರಾಸ್ ಟನ್, ಅದು ತೂಕವೇ ಅಲ್ಲ. ಹಡಗಿನ ಒಳಗೆ ಎಷ್ಟು ಜಾಗವಿದೆ ಅನ್ನುವ ಅಳತೆ, ಗೋಡೌನ್ ಎಷ್ಟು ದೊಡ್ಡದು ಅಂತ ಹೇಳಿದ ಹಾಗೆ. ದೇಶದ ಹಡಗು ಕಟ್ಟುವ ಸಾಮರ್ಥ್ಯವನ್ನು ವರ್ಷಕ್ಕೆ 45 ಲಕ್ಷ ಗ್ರಾಸ್ ಟನ್‌ಗೆ ಏರಿಸಬೇಕು ಅನ್ನುವುದು ಹೊಸ ಯೋಜನೆಯ ಗುರಿ. ಮೂರನ್ನೂ ಒಂದೇ ತಕ್ಕಡಿಯಲ್ಲಿ ಹಾಕಿ ಹೋಲಿಸಬೇಡಿ.

ಷೇರಿನ ಪ್ರಶ್ನೆಗೂ ಇಲ್ಲೇ ಉತ್ತರ ಹೇಳಿಬಿಡುತ್ತೇನೆ. ಕೊಚ್ಚಿ, ಗಾರ್ಡನ್ ರೀಚ್, ಮಝಗಾಂವ್ ಕಂಪನಿಗಳು ಷೇರುಪೇಟೆಯಲ್ಲಿವೆ. ಹಿಂದೂಸ್ತಾನ್ ಶಿಪ್‌ಯಾರ್ಡ್ ಪೂರ್ತಿ ಸರ್ಕಾರದ್ದೇ, ಅದರ ಷೇರು ಪೇಟೆಯಲ್ಲಿ ಸಿಗುವುದಿಲ್ಲ.

ಕಡಲಿಲ್ಲದ ಊರಿನ ಪಾಲು

ಬೆಂಗಳೂರಿಗೂ ಹಡಗಿಗೂ ಈಗ ಏನು ಸಂಬಂಧ ಅಂದರೆ, ಮೇಲೆ ಹೇಳಿದ 'ಬೇರೆಯವರಿಂದ ಬರಬೇಕಾದ ಸಾಮಾನು' ಇಲ್ಲಿಂದಲೂ ಹೋಗುತ್ತದೆ. ಜಾಲಹಳ್ಳಿಯ ಬಿಇಎಲ್ ಯುದ್ಧನೌಕೆಗಳಿಗೆ ರಾಡಾರ್ ಮಾಡುತ್ತದೆ. ನೀರಿನೊಳಗೆ ಸದ್ದಿನಿಂದ ಜಲಾಂತರ್ಗಾಮಿ ಪತ್ತೆಹಚ್ಚುವ ಸೋನಾರ್ ಕೂಡ ಮಾಡುತ್ತದೆ. ನಮ್ಮ ಕರಾವಳಿಯ ಮಲ್ಪೆಯಲ್ಲಿ ಕೊಚ್ಚಿ ಶಿಪ್‌ಯಾರ್ಡಿನ ಅಂಗಸಂಸ್ಥೆ ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್ ಇದೆ. ಮುಚ್ಚಿಹೋಗಿದ್ದ ಹಳೆಯ ಹಡಗುಕಟ್ಟೆಯನ್ನು 2020ರಲ್ಲಿ ಕೊಂಡು ಮತ್ತೆ ನಡೆಸುತ್ತಿದ್ದಾರೆ. ಅಲ್ಲಿಗೆ ನಾರ್ವೆಯಿಂದಲೂ ಸರಕು ಹಡಗುಗಳ ಆರ್ಡರ್ ಬಂದಿದೆ.

ಇನ್ನು ಎಚ್‌ಎಎಲ್. ಬೆಂಗಳೂರಿನಲ್ಲಿ ಅದರದೇ ಒಂದು ವಿಭಾಗ ಹಡಗಿನ ಗ್ಯಾಸ್ ಟರ್ಬೈನ್ ಎಂಜಿನ್‌ಗಳನ್ನು ಜೋಡಿಸಿ, ಪರೀಕ್ಷೆ ಮಾಡಿ ನೌಕಾಪಡೆಗೆ ಕೊಡುತ್ತದೆ. ಕೊಚ್ಚಿಯಲ್ಲಿ ಕಟ್ಟಿದ ವಿಮಾನವಾಹಕ ಹಡಗು ಐಎನ್ಎಸ್ ವಿಕ್ರಾಂತ್ ಅನ್ನು ಓಡಿಸುವ ನಾಲ್ಕು ಎಂಜಿನ್‌ಗಳು ಇಲ್ಲಿಂದ ಹೋದವು. ಗೆಳೆಯರ ಪ್ರಶ್ನೆಗೆ ನಾನು ಮೊದಲು 'ಅಲ್ಲ' ಅಂದಿದ್ದೆ. ಈ ಎಂಜಿನ್‌ಗಳ ವಿಷಯ ಹೇಳಿದ ಮೇಲೆ ಅವರು ಎಚ್‌ಎಎಲ್ ಮ್ಯೂಸಿಯಂಗೆ ಮಗಳನ್ನು ಕರೆದುಕೊಂಡು ಹೋಗುತ್ತೇನೆ ಅಂದರು. ಹೋದಾಗ ವಾಲ್‌ಚಂದ್ ಅವರ ಹೆಸರು ಎಲ್ಲಿದೆ ಅಂತ ಹುಡುಕಲು ಹೇಳಿದ್ದೇನೆ.